ಗೂಟ

ಆಗಸ್ಟಿನಲ್ಲಿ ಈ ಶಾಲೆ ನನ್ನೊಬ್ಬನದೇ.
ಕೆಳಗಿನ ಓಣಿಯ ಕೋಟಿನ ಗೂಟಗಳಿಗೆ ಬಣ್ಣ ಬಳಿಯುತ್ತಿದ್ದೇನೆ,
ಮೊಣಕಾಲಡಿಗೆ ಚರ್ಚಿನಿಂದ ತಂದ ಹಳೇ ದಿಂಬು,
ರೇಡಿಯೋದಲ್ಲಿ ಕ್ರಿಕೆಟ್ಟು, ಮಳೆಗೆ ನಿಂತಿದೆ.

ಹೋದ ವರ್ಷ ನಾನೂರ ಹನ್ನೆರಡು.
ಈ ಸಲ ಮುನ್ನೂರ ಎಪ್ಪತ್ತೊಂದು ಸಾಕು ಎಂದಿದ್ದಾರೆ ಆಫೀಸಿನವರು.
ಶುಲ್ಕದ ಮೇಲೆ ತೆರಿಗೆ ಬಂತಲ್ಲ.
ಮಿಕ್ಕ ನಲವತ್ತೊಂದಕ್ಕೂ ಬಳಿಯುತ್ತೇನೆ.
ಹೆಸರಿಲ್ಲದ್ದು ತುಕ್ಕು ಹಿಡಿಯಬೇಕೆಂದು ಎಲ್ಲೂ ಬರೆದಿಲ್ಲ.

ಕೆರೆದರೆ ಹಸಿರು, ಹಸಿರಿನಡಿ ಕಂದು,
ಇನ್ನೂ ಕೆರೆದರೆ ಯುದ್ಧದ ಕಾಲದ ಬೂದುಬಣ್ಣ,
ಯಾವುದೋ ಹಡಗಿಗೆ ಬಳಿದು ಮಿಕ್ಕದ್ದು.
ಅದರಡಿ ಬರೀ ಕಬ್ಬಿಣ.

ಹಳೇ ಕೋಣೆಯಲ್ಲಿ ಹನ್ನೆರಡು ಮೊಳೆಗಳಿವೆ,
ಕಮ್ಮಾರ ಬಡಿದದ್ದು, ಒಂದರಂತೆ ಒಂದಿಲ್ಲ.
ಉಣ್ಣೆಗೆ ಬಣ್ಣ ಅದ್ದುತ್ತಿದ್ದ ಜೋಸಿಯಾ ಎಂಟ್‌ವಿಸಲ್
ಸಾಯುವ ಮುನ್ನ ಬರೆಸಿಟ್ಟ:
ಸ್ಕಾರ್‌ಬೆಕ್ಕಿನ ಹನ್ನೆರಡು ಬಡ ಹುಡುಗರಿಗೆ
ಲ್ಯಾಟಿನ್, ಲೆಕ್ಕ, ಶುಕ್ರವಾರಕ್ಕೊಂದು ರೊಟ್ಟಿ,
ಮತ್ತು ಒಂದು ಕೋಟು. ನೀಲಿಯದು.
ನೀಲಿ ಅವನ ತೊಟ್ಟಿಯಲ್ಲಿ ಮಿಕ್ಕಿತ್ತು ಎನ್ನುತ್ತದೆ ಊರು.

ಆಮೇಲಿನ ಟ್ರಸ್ಟಿಗಳು ಆ ಕಾಗದ ಬಿಚ್ಚಿ
‘ಬಡ’ ಎಂಬ ಪದದ ಮೇಲೆ ಕನ್ನಡಕ ಇಟ್ಟು ಕೂತರು.
ಪಾದ್ರಿ ಅಂದ: ಬಡತನವೆಂದರೆ ವಿದ್ಯೆಯ ಬಡತನ.
ಗಿರಣಿಯ ಧಣಿ ಅಂದ: ಹಾಗಾದರೆ ನನ್ನ ಮಗನೂ ಬಡವನೇ.
ಮಗ ದಡ್ಡನಿದ್ದದ್ದು ನಿಜ.
ರೊಟ್ಟಿ ನಿಂತಿತು. ಕೋಟು ಉಳಿಯಿತು.
ಈಗ ಅದಕ್ಕೆ ಅಂಗಡಿಯಲ್ಲಿ ತೊಂಬತ್ತೆಂಟು ಪೌಂಡು.

ಇದು ಮಕ್ಕಳನ್ನು ಇಟ್ಟುಕೊಳ್ಳುವ ಶಾಲೆಯಲ್ಲ.
ಬೆಳಿಗ್ಗೆ ಕಡ ತಂದದ್ದನ್ನು
ಸಂಜೆ ನಾಲ್ಕಕ್ಕೆ ಮನೆಮನೆಗೆ ತೀರಿಸಿಬಿಡುತ್ತದೆ.
ಮುನ್ನೂರು ವರ್ಷಕ್ಕೂ ಮೇಲೆ ಹೀಗೇ, ದಿನದ ಲೆಕ್ಕ ದಿನಕ್ಕೆ ಚುಕ್ತಾ,
ಹಾಲಿನ ಗೋಡೆಯ ಇಪ್ಪತ್ತಮೂರು ಹೆಸರು ಬಿಟ್ಟು.
ಅವರಲ್ಲೊಬ್ಬ, ಹೆಬಲ್‌ಥ್ವೇಟ್,
ತನ್ನ ಗೂಟದ ಪಕ್ಕದ ಹಲಗೆಯಲ್ಲಿ ಚಾಕುವಿನಿಂದ ಕೊರೆದಿದ್ದಾನೆ:
‘ನನ್ನದು. ಮುಟ್ಟಬೇಡಿ.’
ಮುಟ್ಟುವುದಿಲ್ಲ ಮಾರಾಯ. ಸುತ್ತ ಬಳಿಯುತ್ತೇನೆ.

ಎಪ್ಪತ್ತೆಂಟರಲ್ಲಿ ಹುಡುಗಿಯರು ಬಂದರು.
ಗೂಟ ಎಷ್ಟೆತ್ತರಕ್ಕಿರಬೇಕು ಎಂದು ಮೂರು ಮೀಟಿಂಗು.
ಹುಡುಗಿಯರು ಕೈ ಎತ್ತಿದರು, ಎಟುಕಿತು.

ಹೋದ ಜುಲೈ ತನಕ ಹನ್ನೊಂದೂವರೆ ಮಕ್ಕಳು ಪುಕ್ಕಟೆ ಓದುತ್ತಿದ್ದರು.
ಲೆಕ್ಕ ನೋಡುವ ಮಿಸ್ ಪೆಂಬ್ರಿಜ್ ಹಾಗೇ ಹೇಳುವುದು, ನಗದೆ.
ಆ ಅರ್ಧ ಎಂದರೆ ಟ್ಯಾಮ್ಸಿನ್ ಓಗ್ಡನ್.
ಅರ್ಧ ಶುಲ್ಕ ಶಾಲೆಯದು. ಇನ್ನರ್ಧವನ್ನು ಅವಳಪ್ಪ
ನಮ್ಮದೇ ನಾಲ್ಕನೇ ಬಸ್ಸು ಓಡಿಸಿ ತುಂಬುತ್ತಿದ್ದ.
ಅವಳು ಕೂರುತ್ತಿದ್ದದ್ದು ಕಟ್ಟಕಡೆಯ ಸೀಟಿನಲ್ಲಿ.
ಇಳಿಯುವಾಗ ಎಲ್ಲರಂತೆ ‘ಥ್ಯಾಂಕ್ಯೂ ಡ್ರೈವರ್’ ಎನ್ನುತ್ತಿದ್ದಳು.
ಅವನೂ ಎಲ್ಲರಿಗೆ ಅಂದಂತೆ ‘ಹುಷಾರು ಮಗೂ’ ಎನ್ನುತ್ತಿದ್ದ.
ಇಬ್ಬರೂ ಮುಖ ನೋಡಿಕೊಂಡದ್ದು ನಾನು ಕಾಣೆ.

ಒಮ್ಮೆ ಅವಳ ಕೋಟು ನನ್ನ ಬಾಯ್ಲರ್ ಮನೆಯಲ್ಲಿ ಒಣಗಿತು.
ಕಾಲರಿನ ಪಟ್ಟಿಯಲ್ಲಿ ಮೂರು ಹೆಸರು, ಎರಡಕ್ಕೆ ಗೀಟು.
ಜೇಬಿನಲ್ಲಿ ಒಂದು ಕಾಡು ಚೆಸ್ಟ್‌ನಟ್ಟು, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

ಈ ವರ್ಷದ ಪಟ್ಟಿಯಲ್ಲಿ ಬರೀ ಹನ್ನೊಂದು.
ಮಿಸ್ ಪೆಂಬ್ರಿಜ್‌ಗೆ ಕೂಡಲು ಸಲೀಸು.

ಭೂಮಿಗೆ ಗೂಟ ಹೊಡೆದುಕೊಂಡು ಬಂದವರು ಯಾರೂ ಇಲ್ಲ.
ಗೂಟ ಹೊಡೆಯುವವನಿಗೆ ಯಾರೂ ಇದನ್ನು ಹೇಳಬೇಕಿಲ್ಲ.
ಆದರೂ ಹಳೇ ಚೀಟಿ ಕೀಳಲು ಹೋದರೆ ಅಂಟು ಬಿಡುತ್ತಿಲ್ಲ.
‘ಟ್ಯಾಮ್’ ಹರಿದು ಬಂತು, ಮಿಕ್ಕದ್ದು ಅಲ್ಲೇ.

ರೇಡಿಯೋದಲ್ಲಿ ಆಟ ಮತ್ತೆ ಶುರುವಾಯಿತು.
ಸೆಪ್ಟೆಂಬರ್ ಮೂರಕ್ಕೆ ಎಂಟೂ ಇಪ್ಪತ್ತಕ್ಕೆ
ನಾಲ್ಕನೇ ಬಸ್ಸು ಗೇಟಿನ ಬಳಿ ನಿಲ್ಲುತ್ತದೆ.
ಅದೇ ಡ್ರೈವರು.
ಬಾಗಿಲು ತೆರೆದು ಒಬ್ಬೊಬ್ಬರಿಗೂ ಹೇಳುತ್ತಾನೆ,
ಹುಷಾರು ಮಗೂ.